ಐವತ್ತರ ಗೆರೆಯ ಆಟಗಾರ
ಆಗಸ್ಟ್ ಬಂತೆಂದರೆ ಗಾಲ್ಫ್ ಆಟಗಾರ ಡೆಲ್ಬರ್ಟ್ ಹ್ಯಾಸ್ಕಿನ್‌ಗೆ ಎದೆ ಡವಡವ ಎನ್ನತೊಡಗುತ್ತದೆ. ವರ್ಷವಿಡೀ ಗಳಿಸಿದ ಅಂಕಗಳ ಮೇಲೆ ಎಪ್ಪತ್ತು ಆಟಗಾರರು ಅಮೆರಿಕದ ಮೆಂಫಿಸ್‌ನಲ್ಲಿ ಶುರುವಾಗುವ ಪ್ಲೇಆಫ್‌ಗೆ, ಅಂದರೆ ಋತುವಿನ ಕೊನೆಯ ಸುತ್ತಿನ ಪಂದ್ಯಗಳಿಗೆ, ಬರುತ್ತಾರೆ. ಮುಂದಿನ ವಾರಕ್ಕೆ ಐವತ್ತೇ ಮಂದಿ, ಕೊನೆಯ ಪಂದ್ಯಕ್ಕೆ ಮೂವತ್ತು. ಹಿಂದೆ ನೂರಿಪ್ಪತ್ತೈದು ಮಂದಿಗೆ ಜಾಗವಿತ್ತು. “ಆಗ ನಿದ್ದೆಯಾದ್ರೂ ಬರ್ತಿತ್ತು ಕಣೋ,” ಎಂದು ಅವನು ತನ್ನ ಚೀಲ ಹೊರುವ ಕ್ಯಾಡಿ ರೂಫಸ್‌ನ ಹತ್ತಿರ ಗೊಣಗುತ್ತಾನೆ. ಪ್ರತಿ ವರ್ಷವೂ ಒಳಗೋ ಹೊರಗೋ ಎಂಬ ಗೆರೆಯ ಮೇಲೆಯೇ ತೂಗಾಡುವ ಜೀವ ಅದು. ಅಂಕಗಳ ಫಲಕ ಎದುರಾದರೆ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ಮರಕ್ಕೆ ಡಿಕ್ಕಿ ಹೊಡೆದರೂ ಸರಿಯೆಂದು ನಡೆಯುತ್ತಾನೆ. ಬಾಳೆಹಣ್ಣು ಸುಲಿದು, ತಿನ್ನುವುದನ್ನು ಮರೆತು ಜೇಬಿಗಿಳಿಸುತ್ತಾನೆ. “ಗುರುವೇ, ಹಸಿವು ಜೇಬಿಗಲ್ಲ, ಹೊಟ್ಟೆಗೆ,” ಎನ್ನುತ್ತಾನೆ ರೂಫಸ್. ಈ ಭಾನುವಾರ ಕೊನೆಯ ಕುಳಿಗೆ ಮೊಳದುದ್ದ ಉಳಿದಾಗ ಡೆಲ್ಬರ್ಟ್ ಕಣ್ಣು ಮುಚ್ಚಿಕೊಂಡೇ ಚೆಂಡನ್ನು ತಳ್ಳಿದ; ರೂಫಸ್ ಮುಖ ತಿರುಗಿಸಿಕೊಂಡ. ಚೆಂಡು ಅಂಚಿನಲ್ಲಿ ಒಂದು ಸುತ್ತು ಹಾಕಿ ಒಳಗೆ ಬಿತ್ತು. “ಐವತ್ತನೆಯವನು ನೀನೇ!” ಎಂದು ರೂಫಸ್ ಕೂಗಿದ. ಡೆಲ್ಬರ್ಟ್ ನಗಲಿಲ್ಲ. “ನನ್ನಿಂದಾಗಿ ಗೆರೆಯಾಚೆ ಬಿದ್ದೋನು ಯಾರು?” “ಕಾರ್ವರ್.” ಹತ್ತು ವರ್ಷ ಜೊತೆಯಲ್ಲಿ ಆಡಿದ ಗೆಳೆಯ. ಡೆಲ್ಬರ್ಟ್ ಅವನ ಬಳಿಗೆ ಓಡಿಹೋದಾಗ ಕಾರ್ವರ್ ಕಾರಿಗೆ ಸಾಮಾನು ತುಂಬುತ್ತಿದ್ದ. “ಯಾಕೋ, ಸಾವಿನ ಮನೆಗೆ ಬಂದೋನ ಹಾಗೆ ನಿಂತಿದ್ದೀಯ? ನಾಳೆ ಮಕ್ಕಳ ಜೊತೆ ಮೀನು ಹಿಡಿಯೋಕೆ ಹೊರಟೆ ನಾನು,” ಎಂದು ನಕ್ಕು ಕೈ ಕುಲುಕಿದ. ಆ ಕೈ ಬೆಚ್ಚಗಿತ್ತು, ನೆಮ್ಮದಿಯಾಗಿತ್ತು. ಸೋತವನ ಮೇಲೆ ಡೆಲ್ಬರ್ಟ್‌ಗೆ ಹೊಟ್ಟೆಕಿಚ್ಚಾಯಿತು. ತನಗೂ ಸೋಲೇ ಬೇಕಿತ್ತೇನೋ ಎಂದು ಹೊಳೆದು ಅವನು ಎಂದಿಗಿಂತ ಹೆಚ್ಚು ಹೆದರಿದ.