ಖಳನಿಗೆ ಬಿದ್ದ ಹಾರ

ಜನರನ್ನು ಅಳಿಸುವುದರಲ್ಲಿ ಬಳ್ಳಾರಿ ಸೀಮೆಯಲ್ಲಿ ನನ್ನನ್ನು ಮೀರಿಸಿದವರಿದ್ದರೆ ತೋರಿಸಿ. ಜಂಬ ಅಂದುಕೊಂಡರೂ ಚಿಂತೆಯಿಲ್ಲ. ಊರೂರಿನ ಹವ್ಯಾಸಿಗಳು ನಾಟಕ ಕಟ್ಟುತ್ತಾರೆ, ಹೆಣ್ಣು ಪಾತ್ರಕ್ಕೆ ಬಳ್ಳಾರಿಯಿಂದ ನಮ್ಮಂಥವರನ್ನು ಕರೆಸುತ್ತಾರೆ. ಬಸ್ಸಿಳಿದು, ಬಣ್ಣ ಹಚ್ಚಿ, ಜನರನ್ನು ಅಳಿಸಿ ಬರುವುದೇ ನನ್ನ ಬದುಕು.

ಆ ವರ್ಷ ಬಾದನಹಟ್ಟಿಯಲ್ಲಿ ನಾಟಕ. ನನ್ನದು ವಿಧವೆಯ ಪಾರ್ಟು. ನನ್ನ ಮನೆ ಕಸಿದುಕೊಂಡು ಬೀದಿಗೆ ತಳ್ಳುವ ಸಾಹುಕಾರನ ಪಾರ್ಟು ಊರಿನ ದನದ ಡಾಕ್ಟರರದ್ದು. ಅವರು ಅಲ್ಲಿ ಎಷ್ಟೋ ವರ್ಷ ನಾಯಕನಾಗಿ ಮೆರೆದವರು. ಹೊಟ್ಟೆ ಬಂತೆಂದು ನಾಟಕದ ಮಾಸ್ತರರು ಈ ಸಲ ಖಳನನ್ನಾಗಿ ಮಾಡಿದ್ದರು. ಕರೆದಾಗ ಹೊತ್ತುಗೊತ್ತು ನೋಡದೆ ಬಂದು ಆಕಳ ಹೆರಿಗೆ ಮಾಡಿಸುವ ಮನುಷ್ಯ. ಅಂಥವರನ್ನು ಯಾವ ಊರು ದ್ವೇಷಿಸುತ್ತದೆ?

ನಾನು ಮಾಸ್ತರರಿಗೆ ಮೊದಲೇ ಹೇಳಿದ್ದೆ, ಸಾಹುಕಾರನ ಪಾರ್ಟು ಬೇರೆಯವರಿಗೆ ಕೊಡಿ ಎಂದು. ಕೇಳಲಿಲ್ಲ. ನನ್ನ ಚಿಂತೆ ನನಗೆ. ಮುಂದಿನ ಸಾಲಿನಲ್ಲಿ ಸಿರುಗುಪ್ಪದ ಮಂದಿ ಕೂತಿದ್ದರು. ನನ್ನ ಆಟ ಮನಸ್ಸಿಗೆ ಬಂದರೆ ಅವರ ನಾಟಕಕ್ಕೆ ನನಗೇ ಕರೆಯ ವೀಳ್ಯ, ಇಲ್ಲವಾದರೆ ಬೇರೆಯವಳಿಗೆ.

ಹೆದರಿದ್ದೇ ಆಯಿತು. ಡಾಕ್ಟರು ನನ್ನ ಪಾತ್ರೆಪಡಗ ಹೊರಗೆಸೆದರೆ ಸಿಳ್ಳೆ! ನಾನು ಕಾಲು ಹಿಡಿದು ಅತ್ತರೆ, ಇವಳದೇ ಏನೋ ತಪ್ಪಿರಬೇಕೆಂದು ಹೆಂಗಸರು ಗುಸುಗುಸು ಮಾತಾಡಿಕೊಂಡರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು ನನ್ನ ಅಳು. ಅಷ್ಟು ಸಾಲದೆಂಬಂತೆ ಒಬ್ಬ ಅಜ್ಜಿ ಹಾರ, ಟವೆಲು ಹಿಡಿದು ವೇದಿಕೆ ಹತ್ತಿದಳು. ಮೆಚ್ಚಿದ ಪಾತ್ರಧಾರಿಗೆ ನಾಟಕದ ನಡುವೆಯೇ ಹೀಗೆ ಆಯೇರಿ ಮಾಡುವುದು ನಮ್ಮ ಕಡೆ ವಾಡಿಕೆ. ನನ್ನ ಮನೆ ಮುರಿದವನ ಕೊರಳಿಗೆ ಹಾರ ಬಿತ್ತು, ಹೆಗಲಿಗೆ ಟವೆಲು ಬಿತ್ತು. ಡಾಕ್ಟರೂ ಮೀಸೆಯಡಿ ನಗುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಬಿದ್ದಲ್ಲಿಂದಲೇ, ವಿಧವೆಯಾಗಿಯೇ, ಅಜ್ಜಿಯ ಸೆರಗು ಹಿಡಿದೆ.

"ಯವ್ವಾ, ನನ್ನ ಮನಿ ಕಸಗೊಂಡಾನ. ಅವಗ ಹಾರ ಹಾಕ್ತಿಯೇನು?"

ಹಾರ್ಮೋನಿಯಂ ನಿಂತಿತು. ಅಜ್ಜಿ ನನ್ನನ್ನು ನೋಡಿದಳು, ಡಾಕ್ಟರನ್ನು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು:

"ಯಪ್ಪಾ, ನೀ ಭಾಳ ಚಲೋ ಮನಿಷ್ಯಾ ಅದಿ. ಆಕಿ ಮನಿ ಆಕಿಗಿ ಕೊಟ್ಬಿಡು."

ಡಾಕ್ಟರ ನಗು ಆರಿತು. ನನ್ನ ಕಡೆ ಒಮ್ಮೆ ನೋಡಿದರು. ಊರಿನ ಮೆಚ್ಚುಗೆ ಬೇಕೋ, ಪಾರ್ಟು ಬೇಕೋ ಎಂದು ಆ ಕ್ಷಣದಲ್ಲಿ ತೂಗಿದರೆಂದು ಕಾಣುತ್ತದೆ. ಹಾರ ಕಿತ್ತೆಸೆದರು. ಟವೆಲಿನಿಂದ ಬೂಟು ಒರೆಸಿಕೊಂಡು ಅದನ್ನು ಅಜ್ಜಿಯ ಕಾಲಡಿ ಒಗೆದರು.

"ಇಳಿ ಕೆಳಗ," ಅಂದರು.

ಒಂದು ಸಿಳ್ಳೆಯೂ ಇಲ್ಲ. ಅಜ್ಜಿ ನನ್ನ ರಟ್ಟೆ ಹಿಡಿದು ಎಬ್ಬಿಸಿ, ನಮ್ಮ ಮನೆಯಲ್ಲೇ ಇರು ನಡಿ ಎಂದು ಕರೆದುಕೊಂಡೇ ಹೊರಟಳು. ನನ್ನ ಮಾತುಗಳು ಇನ್ನೂ ಬಾಕಿಯಿದ್ದವು. ಬಿಟ್ಟು ಹೋದೆ. ಕೆಳಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನಗೆ ದಾರಿ ಬಿಟ್ಟರು. ಆಗ ನನಗೆ ಬಂದ ಅಳು ಪಾರ್ಟಿನದಲ್ಲ.

ನಾಟಕ ಮುಗಿದ ಮೇಲೆ ಸಿರುಗುಪ್ಪದವರು ವೀಳ್ಯ ಹಿಡಿದು ಬಂದರು. ಖಳನ ಪಾರ್ಟಿಗೆ ಈ ಡಾಕ್ಟರನ್ನೂ ಕರೆಯಿರಿ, ಇಂಥ ನಟ ನಿಮಗೆ ಸಿಗುವುದಿಲ್ಲ ಎಂದು ನಾನೇ ಹೇಳಿದೆ. ಅವರಲ್ಲಿ ಹಿರಿಯನೊಬ್ಬ ಕೈ ಅಡ್ಡ ಮಾಡಿದ.

"ಬ್ಯಾಡ್ರಿ ಅಕ್ಕಾರ. ಅಂಥ ಕೆಟ್ಟ ಮನಿಷ್ಯಾ ನಮ್ಮೂರಿಗೆ ಕಾಲಿಡಬಾರದು."

ಪರದೆಯ ಹಿಂದೆ ಬಣ್ಣ ಅಳಿಸುತ್ತಿದ್ದ ಡಾಕ್ಟರಿಗೆ ಇದನ್ನು ಓಡಿಹೋಗಿ ಹೇಳಿದೆ. ಅವರು ಅರ್ಧ ಅಳಿಸಿದ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕೂತುಬಿಟ್ಟರು. ಆಮೇಲೆ, ಇನ್ನೊಮ್ಮೆ ಹೇಳ್ರಿ ಅಂದರು.