ಟಕ್‌ಟಕ್ ಮಾವ ಮನೆಗಾಡಿ ನೋಡಲು ಹೋದದ್ದು

ಟಕ್‌ಟಕ್ ಮಾವ ಬೆರಳ ಗೆಣ್ಣಿನಿಂದ ಒಂದು ಬಾಗಿಲು ಬಡಿದರೆ, ಒಳಗಿನ ಗೆದ್ದಲುಗಳು ಗಂಟುಮೂಟೆ ಕಟ್ಟಿಕೊಂಡು ಹಿಂದಿನಿಂದ ಹೊರಡುತ್ತವೆ ಎಂದು ಬೀದಿಯವರು ಹೇಳುತ್ತಾರೆ. ಮಗಳು ಹುಟ್ಟಿದ ದಿನ ಮೊದಲು ತೊಟ್ಟಿಲನ್ನು ಬಡಿದು ನೋಡಿ, ಆಮೇಲೆ ಮಗುವಿನ ಮುಖ ನೋಡಿದವರು. ಕ್ಷೌರದಂಗಡಿಯಲ್ಲಿ ಮೈಮರೆತು ಪಕ್ಕದ ಗಿರಾಕಿಯ ಬೋಳುತಲೆಗೂ ಟಕ್ಕೆನಿಸಿ, "ಒಳ್ಳೆ ಸರಕು" ಎಂದು ಸರ್ಟಿಫಿಕೇಟು ಕೊಟ್ಟರಂತೆ. ಬದುಕೆಲ್ಲ ಬಾಗಿಲು, ಕಿಟಕಿ ಮಾಡಿದ ಬಡಗಿ. ಬಡಿಯದಿದ್ದರೆ ಊಟ ಇಳಿಯುವುದಿಲ್ಲ.

ಇಂಥ ವೀರರನ್ನು ಅಲುಗಾಡಿಸಿದ್ದು ಹೆಂಡತಿಯ ಒಂದು ಆಸೆ. ಬೀದಿಗೆಲ್ಲ ಅತ್ತೆಯಾದ ಆಕೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕಂಡವರ ಹಾಸಿಗೆ ಸರಿಮಾಡಿ ಸಾಕಾಗಿತ್ತು. ಇನ್ನು ಸ್ವಂತ ಹಾಸಿಗೆಯನ್ನೇ ಗಾಲಿಯ ಮೇಲಿಟ್ಟುಕೊಂಡು ಊರೂರು ಸುತ್ತಬೇಕು, ಅದಕ್ಕೆ ಹಾಸಿಗೆ, ಒಲೆ, ಸಿಂಕು ಎಲ್ಲ ಒಳಗೇ ಇರುವ ಹಳೆಯ ಕ್ಯಾಂಪರ್ ವ್ಯಾನೊಂದು ಬೇಕು. ಮಾವನಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬಾರದು. ಹಾಗಾಗಿ ಅತ್ತೆಯೇ ಡ್ರೈವಿಂಗ್ ಕಲಿತು, ಕಲಿಸಿದವನ ಅರ್ಧ ಕೂದಲು ಉದುರಿಸಿ, ಲೈಸೆನ್ಸ್ ಗಿಟ್ಟಿಸಿದ್ದರು. ಗಾಡಿ ಸಿಗುವ ಮೊದಲೇ ಅದರ ಕಿಟಕಿಗೆ ಹಳದಿ ಪರದೆಗಳನ್ನೂ ಹೊಲಿದಾಗಿತ್ತು.

ಮೊದಲ ಗಾಡಿ ಹೊಸ ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಮಾವ ಹಾಸಿಗೆಯ ತಲೆದೆಸೆಯ ಮೂಲೆಗೆ ಬಡಿದರು. ಟಕ್ ಎನ್ನಬೇಕಾದ ಜಾಗ 'ಬೊದ್' ಎಂದಿತು.

"ನೀರು ಕುಡಿದಿದೆ. ಬಣ್ಣದ ಹಿಂದೆ ಮರ ಕೊಳೆತು ಹಿಟ್ಟಾಗಿದೆ."

ಅತ್ತೆಗೆ ಗಂಡನ ಮೇಲೆ ಹೆಮ್ಮೆ ಉಕ್ಕಿತು. ಎರಡನೆಯದರಲ್ಲಿ ಒಲೆಯ ಗ್ಯಾಸ್ ಪೈಪು ಹಳೇ ಹಿಮ್ಮಡಿಯಂತೆ ಬಿರಿದಿತ್ತು, ತಳದ ಕಬ್ಬಿಣ ತುಕ್ಕು ಹಿಡಿದು ಉದುರುತ್ತಿತ್ತು. ಹೆಮ್ಮೆ ಇನ್ನೂ ಏರಿತು.

ಮೂರನೆಯದರಲ್ಲಿ ಇಳಿಯತೊಡಗಿತು.

"ಟೈರ್ ನೋಡು, ನಿಂತು ನಿಂತೇ ಮುದಿಯಾಗಿವೆ."

"ಟೈರ್ ಬದಲಾಯಿಸಬಹುದಲ್ರೀ?"

"ಟೈರೇ ಹೀಗಿದ್ರೆ ಬ್ರೇಕ್ ಹೇಗಿರುತ್ತೆ, ಯೋಚ್ನೆ ಮಾಡು."

ನಾಲ್ಕನೆಯದು ಕಪಾಟಿನ ಬಾಗಿಲು ಕಿರ್ ಎನ್ನುತ್ತದೆಂಬ ಕಾರಣಕ್ಕೆ ಬಿತ್ತು.

"ನೀವು ಬಡಗಿ ಅಲ್ವೇನ್ರೀ?" ಎಂದರು ಅತ್ತೆ. ಮಾವ ಮೋಡ ನೋಡಿದರು.

ವಿಚಿತ್ರವೆಂದರೆ, ಮೂರನೆಯದು, ನಾಲ್ಕನೆಯದು ಎರಡೂ ಬಡಿಯುವ ಪರೀಕ್ಷೆಯಲ್ಲಿ ಪಾಸಾಗಿದ್ದವು. ಅತ್ತೆ ಸ್ಟೇರಿಂಗ್ ಹಿಡಿದು ಎರಡು ತಿರುವು ದಾಟಿಸಿದ ಮೇಲೆಯೇ ಫೇಲಾದದ್ದು.

ಐದನೆಯ ಗಾಡಿ ನೋಡಲು ಹೊರಟಾಗ ಅತ್ತೆ ಚಪ್ಪಲಿ ಮೆಟ್ಟುತ್ತ ಹೇಳಿದರು: "ಇದಕ್ಕೂ ಕೊಂಕು ತೆಗೆದ್ರೆ ನಂಗೆ ಗಾಡಿನೂ ಬೇಡ, ಊರು ಸುತ್ತೋದೂ ಬೇಡ. ಆ ಪರದೆನೆಲ್ಲ ನೆಲ ಒರೆಸೋಕೆ ಹಾಕ್ತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಮಾವ ಹೆದರಿದ್ದು ಅದಕ್ಕೇ.

ಗಾಡಿಯ ಒಡತಿ ವಯಸ್ಸಾದ ಟೀಚರ್. ಹಾಜರಿ ಕರೆದಂತೆ ತಾವೇ ದೋಷಗಳನ್ನು ಒಪ್ಪಿಸಿದರು: "ಫ್ರಿಜ್ ಸತ್ತಿದೆ, ಅದ್ರಲ್ಲಿ ಪುಸ್ತಕ ಇಟ್ಟಿದ್ದೀನಿ. ಛಾವಣಿ ಒಂದ್ಸಲ ಸೋರಿತ್ತು, ರಿಪೇರಿ ಮಾಡ್ಸಿದ್ದೀನಿ. ಹತ್ತಿ ನೋಡ್ಕೋ ಅಪ್ಪ."

ಮಾವ ದಂಡಯಾತ್ರೆ ಹೊರಟರು. ಏಣಿ ಹಾಕಿ ಛಾವಣಿಯ ಬೆಸುಗೆ ಸವರಿದರು. ಕಿಟಕಿಗಳ ಕೆಳಗೆ, ಸಿಂಕಿನ ಹಿಂದೆ, ಹಾಸಿಗೆಯಡಿ ಮೂಗು ತೂರಿಸಿ ಮುಗ್ಗಲು ವಾಸನೆ ಹುಡುಕಿದರು. ನೆಲದ ಮೇಲೆ ಅಂಗಾತ ಮಲಗಿ ತಳಕ್ಕೆ ಟಾರ್ಚ್ ಬಿಟ್ಟರು. ಕನ್ನಡಕ ಏರಿಸಿ ಚಾಸಿ ನಂಬರನ್ನು ಆರ್‌ಸಿಯ ಜೊತೆ ಹೋಲಿಸಿದರು. ನಲ್ಲಿ ತಿರುಗಿಸಿದರು, ಒಲೆ ಹಚ್ಚಿದರು. ಬಡಿದಲ್ಲೆಲ್ಲ ಟಕ್, ಟಕ್, ಟಕ್. ಒಂದೊಂದು ಟಕ್ಕಿಗೂ ಅತ್ತೆಯ ಮುಖ ಅರಳಿತು, ಮಾವನ ಮುಖ ಸಣ್ಣಗಾಯಿತು.

"ಇನ್ನೆಷ್ಟು ಬಡೀತೀಯಪ್ಪ? ಒಳಗೆ ಯಾರೂ ಇಲ್ಲ," ಎಂದರು ಟೀಚರ್.

ಕೊನೆಗೆ ಓಡಿಸಿ ನೋಡುವ ಘಳಿಗೆ ಬಂತು. ಅತ್ತೆ ಸ್ಟೇರಿಂಗ್ ಹಿಡಿದರು, ಮಾವ ಪಕ್ಕದ ಸೀಟಿನಲ್ಲಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತರು. ಒಂದು ತಿರುವು. ಅತ್ತೆ ಬ್ರೇಕಿನ ಪರಿಚಯವನ್ನು ಜೋರಾಗಿಯೇ ಮಾಡಿಕೊಂಡರು. ಎರಡನೇ ತಿರುವು. ಮಾವನ ಬಾಯಿ ಬಿಗಿಯಿತು, ಹಣೆಯಲ್ಲಿ ಬೆವರು ಸಾಲುಗಟ್ಟಿತು.

ಅತ್ತೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು. "ಹೇಳಿ. ಒಂದೇ ಒಂದು ದೋಷ ಹೇಳಿ. ಕೀಲಿ ವಾಪಸ್ ಕೊಟ್ಟು ಮನೆಗೆ ಹೋಗೋಣ."

'ಕ್ಲಚ್ ಸುಟ್ಟ ವಾಸನೆ' ಎಂಬ ಮಾತು ಮಾವನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅತ್ತೆಯ ಕೈ ಇನ್ನೂ ಸ್ಟೇರಿಂಗ್ ಮೇಲಿತ್ತು, ರೋಗಿಯ ನಾಡಿ ಹಿಡಿದಷ್ಟು ಮೆಲ್ಲಗೆ. ಮಾವ ಮಾತು ನುಂಗಿದರು. ತಮ್ಮ ಪಕ್ಕದ ಕಿಟಕಿಯ ಹಿಡಿ ತಿರುಗಿಸಿದರು. ಗಾಜು ಸರ್ರನೆ ಪೂರ್ತಿ ಇಳಿಯಿತು. ತಲೆ ಹೊರಗೆ ಹಾಕಿ ಉದ್ದಕ್ಕೆ ಉಸಿರೆಳೆದುಕೊಂಡರು.

"ಗಾಡಿ ಚಿನ್ನದಂಥದ್ದು. ತಗೊಳ್ಳೋಣ."

ಅತ್ತೆ ತಮ್ಮ ಕಿವಿಯನ್ನೇ ನಂಬಲಿಲ್ಲ. "ಹಾಗಾದ್ರೆ ಮುಂಚಿನ ನಾಲ್ಕು?"

"ಮೊದಲೆರಡು ನಿಜವಾಗ್ಲೂ ಕೆಟ್ಟಿದ್ವು."

"ಆಮೇಲಿನ ಎರಡು?"

"ನೀನು ಓಡಿಸಿದ್ರೆ ನಂಗೆ ವಾಂತಿ ಬರುತ್ತೆ ಕಣೇ."