ಹಾಜರಾಬಿ ಕಡೆದ ಅಣುಗಳು

ಹಾಜರಾಬಿಯ ಅಂಗಡಿಗೆ ನಾನು ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ಮುರಿದ ಪ್ಲಾಸ್ಟಿಕ್ ಚೆಂಡೊಂದು, ನೋಟ್‌ಬುಕ್ಕಿನ ಒಂದು ಹಾಳೆ ಇದ್ದವು. ಸವಣೂರಿನ ಕಾಲೇಜೊಂದರಲ್ಲಿ ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಅಣುಗಳ ಆಕಾರ ತೋರಿಸಲು ಇದ್ದ ಒಂದೇ ಪ್ಲಾಸ್ಟಿಕ್ ಸೆಟ್ಟು ಹತ್ತು ವರ್ಷ ದುಡಿದು ಕೈಕೊಟ್ಟಿತ್ತು. ಬೋರ್ಡಿನ ಮೇಲೆ ಎಷ್ಟೇ ಚೆನ್ನಾಗಿ ಬರೆದರೂ ಮಕ್ಕಳು ಮೀಥೇನನ್ನು ಚಪ್ಪಟೆ ವಸ್ತುವೆಂದೇ ತಿಳಿಯುತ್ತಿದ್ದರು. ಕಟ್ಟಿಗೆಯಲ್ಲಿ ಮಾಡಿಸಿದರೆ ಹೇಗೆ ಎಂದು ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಆಕೆಯ ಹೆಸರನ್ನೇ.

ಆಕೆಗೆ ಆಗ ಐವತ್ತೆರಡು ವರ್ಷ. ಓದಿದ್ದು ಏಳನೇ ತರಗತಿ. ತಂದೆ ಗೌಸಸಾಬ ಲೇತ್ ಮಷೀನಿನಲ್ಲಿ ತೊಟ್ಟಿಲ ಕಾಲು, ಲಟ್ಟಣಿಗೆ ಕಡೆಯುತ್ತಿದ್ದವರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ತಂದೆಯ ಕೈ ನಡುಗಲು ಶುರುವಾದಾಗ, ಒಪ್ಪಿಕೊಂಡ ಕೆಲಸ ನಿಲ್ಲಬಾರದೆಂದು ಮಷೀನಿನ ಮುಂದೆ ಆಕೆಯೇ ಕುಳಿತಳು. ಒಂದು ತಿಂಗಳಾದರೂ ಗಿರಾಕಿಗಳಿಗೆ ಕೈ ಬದಲಾದದ್ದು ಗೊತ್ತಾಗಲಿಲ್ಲವಂತೆ. ಅದನ್ನು ಹೇಳುವಾಗ ಈಗಲೂ ಆಕೆಯ ಕುತ್ತಿಗೆ ತುಸು ನೆಟ್ಟಗಾಗುತ್ತದೆ.

ಮೀಥೇನಿನ ಚಿತ್ರ ಬರೆದಿದ್ದ ಆ ಹಾಳೆಯನ್ನು ಕೊಟ್ಟು ಬಂದು, ನಾಲ್ಕು ದಿನ ಬಿಟ್ಟು ಹೋದೆ. ನಡುವೆ ಕರಿ ಚೆಂಡು, ಸುತ್ತಲೂ ನಾಲ್ಕು ದಿಕ್ಕಿಗೆ ಕಡ್ಡಿಯಿಂದ ಜೋಡಿಸಿದ ನಾಲ್ಕು ಬಿಳಿ ಚೆಂಡು. ನುಣುಪು ಎಂದರೆ ನುಣುಪು. ಆದರೆ ಇಡೀ ಅಣು ರೊಟ್ಟಿಯಂತೆ ಚಪ್ಪಟೆ.

“ಹಿಂಗಲ್ರಿ ಹಾಜರಾಬಿ” ಅಂದೆ.

“ನೀವು ಬರದು ಕೊಟ್ಟಿದ್ದು ಹಿಂಗ ಐತಲ್ರಿ ಮೇಡಮ್ಮಾರ?” ಆಕೆ ನನ್ನ ಹಾಳೆಯನ್ನೇ ಮುಂದೆ ಹಿಡಿದಳು.

ತಪ್ಪು ನನ್ನದೇ. ಅಲ್ಲೇ ಕಟ್ಟಿಗೆ ಪುಡಿಯ ನಡುವೆ ಕುಳಿತು ವಿವರಿಸಿದೆ. “ಈ ನಾಕೂ ಕಡ್ಡಿ ಅಂದ್ರ ಬಂಧ. ಒಂದೊಂದು ಬಂಧದಾಗ ಎರಡೆರಡು ಎಲೆಕ್ಟ್ರಾನು. ಎಲ್ಲಾವೂ ಒಂದ ನಮೂನಿ ವಿದ್ಯುತ್ತು, ಅದಕ್ಕ ಒಂದನ್ನೊಂದು ದೂಡತಾವ. ಎಷ್ಟು ಆಗತೈತೋ ಅಷ್ಟು ದೂರ ನಿಲ್ತಾವ.”

“ಮ್ಯಾಲ ಕೆಳಗ ಜಾಗ ಇದ್ರ ಅಲ್ಲಿಗೂ ಹೋಗ್ತಾವಲ್ರಿ ಮತ್ತ” ಎಂದಳು ಆಕೆ, ಚೆಂಡನ್ನು ತಿರುಗಿಸುತ್ತ. ನನ್ನ ವಿದ್ಯಾರ್ಥಿಗಳಿಗೆ ಒಂದು ವಾರ ಹಿಡಿಯುವ ಮಾತು ಅದು.

ತಿಳಿದದ್ದು ಸರಿ, ತೂತು ಕೊರೆಯುವುದು ಹೇಗೆ? ಗುಂಡನೆಯ ಚೆಂಡಿನ ಮೇಲೆ ನಾಲ್ಕು ತೂತು, ಯಾವ ಎರಡು ಹಿಡಿದರೂ ನಡುವಿನ ಅಂತರ ಒಂದೇ ಇರಬೇಕು. ದಾರ ಸುತ್ತಿ ಗುರುತು ಹಾಕಿದಳು, ಕಾಗದದ ಪಟ್ಟಿ ಅಂಟಿಸಿದಳು. ನಲವತ್ತು ಚೆಂಡು ಒಲೆಗೆ ಹೋದವು. “ಪ್ಲಾಸ್ಟಿಕ್ಕಿಂದ ತರಸ್ತೇನಿ, ಬಿಡ್ರಿ” ಎಂದು ನಾನೇ ಹೇಳಿದೆ. ಆಕೆ ಬಿಡಲಿಲ್ಲ.

ಒಂಬತ್ತನೆಯ ದಿನ ಫೋನು ಬಂತು. “ಈಗ ಬರ್ರಿ.”

ಹೋದರೆ ಎದುರಿಗೆ ಒಂದು ಚೌಕನೆಯ ಪೆಟ್ಟಿಗೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಅಳತೆ. ಚೆಂಡು ಒಳಗೆ ಅಲುಗದಂತೆ ಕೂರುತ್ತದೆ. “ಪೆಟಗಿಗೆ ಎಂಟು ಮೂಲಿ” ಎಂದು ಬೆರಳಿಟ್ಟು ತೋರಿಸಿದಳು. “ಒಂದು ಮೂಲಿ ಹಿಡದು ಅದರ ಬಾಜೂದವು ಬಿಟ್ಕೋತ ಹೋದ್ರ ನಾಕ ಉಳಿತಾವ. ಆ ನಾಕು ಒಂದಕ್ಕೊಂದು ಸಮ ದೂರ. ಆ ಮೂಲಿಯಿಂದ ನಟ್ಟನಡುವಿಗೆ ಡ್ರಿಲ್ ಬಿಟ್ಟೇನಿ.”

ಕೋನಮಾಪಕ ಇಟ್ಟು ನೋಡಿದೆ. ಪುಸ್ತಕ ಹೇಳುವುದು ನೂರಾ ಒಂಬತ್ತೂವರೆ ಡಿಗ್ರಿ. ಅಲ್ಲಿದ್ದದ್ದೂ ಅಷ್ಟೇ. ನಂಬಲಾಗದೆ ಇನ್ನೊಂದು ಸಲ ಅಳೆದೆ. ಆಕೆಗೆ ಅದು ಅರ್ಥವಾಯಿತು, ನಕ್ಕಳು.

ಮುಂದಿನದು ನೀರು. ಆಮ್ಲಜನಕದ ಕೆಂಪು ಚೆಂಡಿಗೆ ಎರಡು ಬಿಳಿ ಜಲಜನಕ, ಅವು ಕಡ್ಡಿಯಿಂದ ಬಿಗಿಯಾಗಿ. ಒಂದು ನೀರಿನ ಅಣು ಇನ್ನೊಂದನ್ನು ಹಿಡಿಯುವುದು ಮಾತ್ರ ಹಗುರವಾಗಿ. ಅದಕ್ಕೆ ಗುಂಡಿಯಷ್ಟು ಚಿಕ್ಕ ಆಯಸ್ಕಾಂತ ತರಿಸಿಕೊಟ್ಟೆ. ಬಿಳಿ ಚೆಂಡಿನ ತುದಿಗೊಂದು, ಕೆಂಪು ಚೆಂಡಿನಲ್ಲಿ ಕಡ್ಡಿಯಿಲ್ಲದ ಖಾಲಿ ಎರಡು ಜಾಗಕ್ಕೆ ಒಂದೊಂದು. ಮೊದಲ ಸಲ ಆಯಸ್ಕಾಂತದ ಮುಖ ಅದಲುಬದಲಾಗಿ ಅರ್ಧ ಅಣುಗಳು ಒಂದನ್ನೊಂದು ಒದ್ದವು. ಮಗಳ ಉಗುರುಬಣ್ಣದಿಂದ ಗುರುತು ಹಾಕಿಕೊಂಡು ಆಕೆ ಎಲ್ಲವನ್ನೂ ಕಿತ್ತು ಮತ್ತೆ ಕೂರಿಸಿದಳು.

ಒಂದಕ್ಕೊಂದು ಅಂಟಿದ್ದ ಆ ನೀರಿನ ಅಣುಗಳನ್ನು ಮುಚ್ಚಳದ ಪೆಟ್ಟಿಗೆಯೊಂದರಲ್ಲಿಟ್ಟು ಕ್ಲಾಸಿಗೆ ತಂದ ದಿನ ಆಕೆಯನ್ನೂ ಕರೆದಿದ್ದೆ. ಹಿಂದಿನ ಬೆಂಚಿನಲ್ಲಿ ಸೆರಗು ಸರಿಪಡಿಸಿಕೊಂಡು ಕುಳಿತಳು. ನೀರು ಕುದ್ದರೆ ಏನಾಗುತ್ತದೆ ಎಂದು ಕೇಳಿದೆ. ಪ್ರತಿ ವರ್ಷದಂತೆ ಅರ್ಧ ತರಗತಿ, “ಜಲಜನಕ, ಆಮ್ಲಜನಕ ಬ್ಯಾರೆ ಆಗ್ತಾವ್ರಿ” ಎಂದಿತು. ಶ್ವೇತಾ ಎಂಬ ಹುಡುಗಿಯ ಕೈಗೆ ಪೆಟ್ಟಿಗೆ ಕೊಟ್ಟು, ಜೋರಾಗಿ ಅಲುಗಿಸು ಎಂದೆ. ಗಲಗಲ ಸದ್ದಿನ ನಂತರ ಮುಚ್ಚಳ ತೆಗೆದರೆ ಅಣುಗಳೆಲ್ಲ ಬಿಡಿಬಿಡಿ. ಆದರೆ ಒಂದು ಕಡ್ಡಿಯೂ ಕಳಚಿರಲಿಲ್ಲ.

“ಅಯ್ಯ, ನೀರು ನೀರಾಗೇ ಉಳದೈತ್ರಿ!” ಎಂದಳು ಶ್ವೇತಾ.

ಆ ವರ್ಷ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಯಾರೂ ತಪ್ಪು ಬರೆಯಲಿಲ್ಲ.

ಸುದ್ದಿ ಹರಡಿತು. ಶಿಗ್ಗಾಂವಿಯಲ್ಲಿ ಸುತ್ತಲಿನ ತಾಲೂಕುಗಳ ರಸಾಯನಶಾಸ್ತ್ರ ಉಪನ್ಯಾಸಕರೆಲ್ಲ ಸೇರಿದಾಗ ನಾನು ಹಾಜರಾಬಿಯನ್ನೂ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಆಕೆ ಪೆಟ್ಟಿಗೆಯನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. “ನಾ ಏನೂ ಮಾತಾಡಂಗಿಲ್ರಿ, ಮೊದಲ ಹೇಳೇನಿ” ಎಂದು ಎರಡು ಸಲ ಎಚ್ಚರಿಸಿದಳು.

ಹಾನಗಲ್ಲಿನಿಂದ ಬಂದಿದ್ದ ಹಿರಿಯರೊಬ್ಬರು, ಮೃತ್ಯುಂಜಯ ಸರ್, ನೀರಿನ ಅಣುವನ್ನು ಮೀಥೇನಿನ ಪಕ್ಕ ಹಿಡಿದು ನೋಡಿದರು. “ಇದರ ಕೋನ ಸ್ವಲ್ಪ ಸಣ್ಣದಾಗೈತಿ. ಕೊರಿಯೂದರಾಗ ತಪ್ಪೇತೇನು?” ಎಂದು ನನ್ನನ್ನು ಕೇಳಿದರು. ಪರೀಕ್ಷಿಸಲೆಂದೇ ಕೇಳಿದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಜರಾಬಿ ಎದ್ದು ನಿಂತಿದ್ದಳು.

“ತಪ್ಪಿಲ್ರಿ ಸರ. ಬೇಕಂತ ಹಂಗ ಮಾಡೇನ್ರಿ. ಕಡ್ಡಿ ಇಲ್ಲದ ಆ ಎರಡು ಜಾಗ ಖಾಲಿ ಅಲ್ರಿ, ಅಲ್ಲಿ ಎಲೆಕ್ಟ್ರಾನ್ ಜೋಡಿ ಕುಂತಾವ. ಹಂಚ್ಕೊಳ್ಳಾಕ ಯಾರೂ ಇಲ್ಲ, ಅದಕ್ಕ ಆರಾಮ ಕಾಲು ಚಾಚತಾವ. ಅವು ಒತ್ತಿದ್ದಕ್ಕ ಈ ಎರಡು ಬಿಳೀವು ಹತ್ರ ಬಂದಾವ. ಪೆಟಗಿಯೊಳಗ ತೆಳ್ಳನ್ನ ಕಟಗಿ ಚಕ್ಕಿ ಇಟ್ಟು ಡ್ರಿಲ್ ಓರೆ ಮಾಡೇನಿ. ನೂರಾ ನಾಕೂವರಿ. ಅಳದು ನೋಡ್ರಿ.”

ಮೃತ್ಯುಂಜಯ ಸರ್ ಅಳೆಯಲಿಲ್ಲ. “ಕುಂತ್ಕೋರಿ ತಾಯಿ” ಎಂದು ತಮ್ಮ ಕುರ್ಚಿಯನ್ನೇ ಆಕೆಯತ್ತ ಸರಿಸಿ, ತಾವು ಗೋಡೆಗೆ ಒರಗಿ ನಿಂತರು. ಆಮೇಲೆ ಅರ್ಧ ಗಂಟೆ ಪ್ರಶ್ನೆಗಳೆಲ್ಲ ಆಕೆಗೇ. ಸಾಲಿನ ತುದಿಯಲ್ಲಿ ಕುಳಿತಿದ್ದ ನನಗೆ, ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ರ‍್ಯಾಂಕ್ ಬಂದಾಗಲೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ಹಾನಗಲ್ಲು, ಹಿರೇಕೆರೂರಿನ ಕಾಲೇಜುಗಳು ಅಲ್ಲೇ ಸೆಟ್ಟು ಕೇಳಿದವು. ತಿಳವಳ್ಳಿಯಿಂದಲೂ ಕರೆ ಬಂತು. ಹಿರೇಕೆರೂರಿಗೆ ಹೋಗುವ ಮೊದಲ ಪೆಟ್ಟಿಗೆ ಸಿದ್ಧವಾದಾಗ ಆಕೆ ನನ್ನನ್ನು ಕರೆಸಿದಳು. ಮುಚ್ಚಳದ ಮೇಲೆ ಕೈಯಾಡಿಸಿದಳು.

“ಮೂವತ್ತ ವರ್ಷ ತೊಟ್ಟಲ ಮಾಡೇನ್ರಿ. ಒಂದರ ಮ್ಯಾಲೂ ಹೆಸರಿಲ್ಲ. ಇದರ ಮ್ಯಾಲ ನಂದು ಹಾಕಬಹುದೇನ್ರಿ?”

“ಹಾಕಲೇಬೇಕ್ರಿ” ಅಂದೆ.

ಕಬ್ಬಿಣದ ಕಡ್ಡಿ ಕಾಯಿಸಿ ತಾನೇ ಸುಟ್ಟು ಬರೆದಳು: ಹಾಜರಾಬಿ, ಸವಣೂರು. ‘ಜ’ ತುಸು ಸೊಟ್ಟಗಾಯಿತು. ಉಜ್ಜಿ ತೆಗೆದು ಮತ್ತೆ ಬರೆಯುತ್ತೀರಾ ಎಂದು ಕೇಳಿದೆ. ಬೇಡವೆಂದಳು, ಪೆಟ್ಟಿಗೆಯನ್ನು ಹಾಗೆಯೇ ಬಟ್ಟೆಯಲ್ಲಿ ಕಟ್ಟಿ ಬಸ್‌ಸ್ಟ್ಯಾಂಡಿನತ್ತ ಹೊರಟಳು.